ಒಬ್ಬರು ಕಟ್ಟಿದ ಭಾಷೆ, ಎಲ್ಲರೂ ಆಡುವ ಮಾತು



ಬೇಸಿಗೆಯ ರಜೆಯಲ್ಲಿ ಜಗಲಿಯ ಮೇಲೆ ಕುಳಿತ ಮಕ್ಕಳು ‘ಕ’ ಭಾಷೆಯಲ್ಲಿ ಮಾತನಾಡುವುದನ್ನು ನೀವು ಕೇಳಿರಬಹುದು. ಪ್ರತಿಯೊಂದು ಅಕ್ಷರಕ್ಕೂ ಮುನ್ನ ಒಂದು ‘ಕ’ ಸೇರಿಸಿದರೆ ಆಯಿತು. ‘ನೀನು ಬಾ’ ಎಂಬುದು ‘ಕನೀಕನು ಕಬಾ’ ಆಗುತ್ತದೆ. ಹಿರಿಯರಿಗೆ ಗುಟ್ಟು ತಿಳಿಯಬಾರದೆಂಬುದೇ ಇದರ ಉದ್ದೇಶ. ಇದು ಹೊಸ ಭಾಷೆಯಲ್ಲ, ಕನ್ನಡಕ್ಕೇ ತೊಡಿಸಿದ ಮುಸುಕು. ಆದರೆ ಪದಗಳನ್ನೂ ವ್ಯಾಕರಣವನ್ನೂ ತಾವೇ ಸೃಷ್ಟಿಸಿ, ಹಿಂದೆಂದೂ ಇಲ್ಲದ ಭಾಷೆಯೊಂದನ್ನು ಕಟ್ಟಲು ಹೊರಟವರೂ ಇತಿಹಾಸದಲ್ಲಿ ಇದ್ದಾರೆ. ಅವರಲ್ಲಿ ಒಬ್ಬರು ಸಂತೆ, ಇನ್ನೊಬ್ಬರು ಗುರುಗಳು ಎಂಬುದು ನಮ್ಮಲ್ಲಿ ಹಲವರಿಗೆ ಹೊಸ ವಿಷಯವಾಗಿರಬಹುದು.

ಭಾಷೆಯ ಕುರಿತು ಪವಿತ್ರ ಗ್ರಂಥ ನಮ್ಮ ಮುಂದೆ ಎರಡು ಚಿತ್ರಗಳನ್ನು ಇಡುತ್ತದೆ. ಆದಿಕಾಂಡದ 11ನೆಯ ಅಧ್ಯಾಯದಲ್ಲಿ ಒಂದೇ ಭಾಷೆಯಿದ್ದ ಜನ ತಮ್ಮ ಹೆಸರಿಗಾಗಿ ಬಾಬೆಲಿನಲ್ಲಿ ಗೋಪುರ ಕಟ್ಟುತ್ತಾರೆ, ಚದುರಿಹೋಗುತ್ತಾರೆ. ಪ್ರೇಷಿತರ ಕಾರ್ಯಕಲಾಪಗಳ 2ನೆಯ ಅಧ್ಯಾಯದಲ್ಲಿ ಪವಿತ್ರಾತ್ಮರು ಇಳಿದು ಬಂದಾಗ ಭಾಷೆಗಳು ಒಂದಾಗುವುದಿಲ್ಲ. ಪ್ರತಿಯೊಬ್ಬನೂ ತನ್ನ ತನ್ನ ಭಾಷೆಯಲ್ಲಿಯೇ ಶುಭಸಂದೇಶವನ್ನು ಕೇಳಿಸಿಕೊಳ್ಳುತ್ತಾನೆ. ಭಾಷೆ ಕಟ್ಟಿದವರ ಕಥೆಗಳನ್ನು ಈ ಎರಡು ಚಿತ್ರಗಳ ಬೆಳಕಿನಲ್ಲಿ ನೋಡೋಣ.

ಸಂತ ಹಿಲ್ಡೆಗಾರ್ಡ್: ಸ್ತುತಿಗೊಂದು ನುಡಿ

ಜರ್ಮನಿಯ ರೈನ್ ನದಿಯ ದಡದ ಬಿಂಗೆನ್ ಊರಿನ ಬಳಿ 12ನೆಯ ಶತಮಾನದಲ್ಲಿ ಬೆನೆಡಿಕ್ಟೀನ್ ಕನ್ಯಾಮಠವೊಂದನ್ನು ನಡೆಸುತ್ತಿದ್ದವರು ಸಂತ ಹಿಲ್ಡೆಗಾರ್ಡ್ (1098–1179). ದಿವ್ಯದರ್ಶನಗಳನ್ನು ಕಂಡವರು, ಸಂಗೀತ ರಚಿಸಿದವರು, ಗಿಡಮೂಲಿಕೆಗಳ ಗುಣಗಳನ್ನು ಬರೆದಿಟ್ಟವರು. ಜಗದ್ಗುರು 16ನೆಯ ಬೆನೆಡಿಕ್ಟರು 2012ರಲ್ಲಿ ಇವರನ್ನು ಧರ್ಮಸಭೆಯ ಮಹಾಪಂಡಿತರ ಸಾಲಿಗೆ ಸೇರಿಸಿದರು. ಈ ತಾಯಿ ‘ಅಜ್ಞಾತ ಭಾಷೆ’ ಎಂಬ ಅರ್ಥ ಬರುವ ‘ಲಿಂಗ್ವಾ ಇಗ್ನೋಟಾ’ವನ್ನು ರಚಿಸಿದರು. ಅದಕ್ಕೆ 23 ಹೊಸ ಅಕ್ಷರಗಳಿದ್ದವು. ಪದಪಟ್ಟಿಯಲ್ಲಿ 1011 ಪದಗಳಿವೆ, ಬಹುತೇಕ ಎಲ್ಲವೂ ನಾಮಪದಗಳೇ.

ಆ ಪಟ್ಟಿಯ ಕ್ರಮವನ್ನು ಗಮನಿಸಿ. ಮೊದಲ ಪದ ‘ಐಗೋನ್ಸ್’, ಅಂದರೆ ದೇವರು. ಎರಡನೆಯದು ದೇವದೂತ. ಮುಂದೆ ಸಂತರು, ಮನುಷ್ಯರು, ತಂದೆ ತಾಯಿ, ಬಂಧುಬಳಗ, ದೇಹದ ಅಂಗಾಂಗಗಳು, ರೋಗಗಳು, ಧರ್ಮಸಭೆಯ ಸೇವಕರು, ಉಡುಗೆ ತೊಡುಗೆ, ಕುಶಲಕರ್ಮಿಗಳ ಸಲಕರಣೆಗಳು, ಮರಗಿಡಗಳು, ಹಕ್ಕಿಗಳು, ಹುಳುಹುಪ್ಪಟೆಗಳು ಬರುತ್ತವೆ. ದೇವರಿಂದ ತೊಡಗಿ ಕೀಟದವರೆಗೆ ಸೃಷ್ಟಿಯ ಮೆಟ್ಟಿಲುಗಳನ್ನು ಒಂದೊಂದಾಗಿ ಇಳಿದಂತೆ ಇದೆ ಈ ಪಟ್ಟಿ. ಆದಿಕಾಂಡದಲ್ಲಿ ಆದಾಮನು ಪ್ರಾಣಿಪಕ್ಷಿಗಳಿಗೆ ಹೆಸರಿಟ್ಟದ್ದು ನಮಗೆ ನೆನಪಾಗುತ್ತದೆ. ಹೆಸರಿಡುವುದೆಂದರೆ ಒಂದೊಂದು ವಸ್ತುವಿನ ಮುಂದೆಯೂ ನಿಂತು ಅದನ್ನು ಗಮನಿಸುವುದು.

ಈ ಭಾಷೆಯನ್ನು ಏತಕ್ಕಾಗಿ ರಚಿಸಿದರೆಂಬ ಬಗ್ಗೆ ವಿದ್ವಾಂಸರಲ್ಲಿ ಒಮ್ಮತವಿಲ್ಲ. ಧರ್ಮಸಭೆಯನ್ನು ಕೊಂಡಾಡುವ ಅವರ ಲತೀನ್ ಗೀತೆಯೊಂದರಲ್ಲಿ ಇಂತಹ ಐದು ಪದಗಳು ಬಂದಿವೆ. ಅವರ ಲಿಪಿಕಾರರಾಗಿದ್ದ ಸನ್ಯಾಸಿ ವೋಲ್ಮಾರ್, ಈ ತಾಯಿ ಕಾಲವಾದ ಮೇಲೆ ಯಾರೂ ಕೇಳದ ಆ ಭಾಷೆಯ ದನಿ ಎಲ್ಲಿ ಉಳಿದೀತು ಎಂಬ ಅರ್ಥದಲ್ಲಿ ಪತ್ರ ಬರೆದಿದ್ದರು. ಅವರ ಆತಂಕ ನಿಜವಾಯಿತು. ಪದಗಳು ಹಸ್ತಪ್ರತಿಯಲ್ಲಿ ಉಳಿದವು. ಆಡುವ ನಾಲಿಗೆ ಉಳಿಯಲಿಲ್ಲ.

ಫಾದರ್ ಶ್ಲೇಯರ್: ಹಿಡಿದಿಟ್ಟುಕೊಂಡ ಭಾಷೆ

ಏಳು ಶತಮಾನಗಳ ನಂತರ ಅದೇ ಜರ್ಮನಿಯ ಕಾನ್‌ಸ್ಟಾನ್ಸ್ ಪಟ್ಟಣದ ಬಳಿ ಕಥೋಲಿಕ ಗುರುಗಳಾಗಿದ್ದವರು ಯೊಹಾನ್ ಮಾರ್ಟಿನ್ ಶ್ಲೇಯರ್ (1831–1912). 1879ರ ವಸಂತದಲ್ಲಿ, ನಿದ್ದೆ ಬಾರದ ಒಂದು ರಾತ್ರಿ, ಜಗತ್ತಿಗೆಲ್ಲ ಒಂದು ಭಾಷೆಯನ್ನು ರಚಿಸುವಂತೆ ದೇವರೇ ತಮಗೆ ಅಪ್ಪಣೆ ಕೊಟ್ಟರೆಂದು ಅವರು ನಂಬಿದರು. ಹಾಗೆ ಹುಟ್ಟಿದ್ದು ‘ವೋಲಾಪೂಕ್’. ಇಂಗ್ಲಿಷಿನ ‘ವರ್ಲ್ಡ್’ ಎಂಬ ಪದ ಇಲ್ಲಿ ‘ವೋಲ್’ ಆಯಿತು, ‘ಸ್ಪೀಕ್’ ಎಂಬುದು ‘ಪೂಕ್’ ಆಯಿತು. ಒಟ್ಟಿನಲ್ಲಿ ‘ಲೋಕದ ಭಾಷೆ’.

ಹತ್ತೇ ವರ್ಷಗಳಲ್ಲಿ ನೂರಾರು ಸಂಘಗಳು ಹುಟ್ಟಿಕೊಂಡವು, ಪತ್ರಿಕೆಗಳು ಹೊರಟವು. 1889ರಲ್ಲಿ ಪ್ಯಾರಿಸಿನಲ್ಲಿ ನಡೆದ ಮೂರನೆಯ ಸಮ್ಮೇಳನದ ಕಲಾಪವೆಲ್ಲ ಇದೇ ಭಾಷೆಯಲ್ಲಿ ಸಾಗಿತು. ಆದರೆ ಕ್ರಿಯಾಪದಗಳ ರೂಪಗಳು ವಿಪರೀತವಾಗಿದ್ದವು, ಕಲಿಯುವವರಿಗೆ ತೊಡಕಾಗಿತ್ತು. ಅದನ್ನು ಸರಳಗೊಳಿಸಬೇಕೆಂದು ಆಗಸ್ಟ್ ಕೆರ್ಕ್‌ಹಾಫ್ಸ್ ಮುಂತಾದ ಅನುಯಾಯಿಗಳು ಒತ್ತಾಯಿಸಿದರು. ಶ್ಲೇಯರ್ ಒಪ್ಪಲಿಲ್ಲ. ತಾವು ರಚಿಸಿದ ಭಾಷೆಯಲ್ಲಿ ಅಂತಿಮ ಮಾತು ತಮ್ಮದೇ ಆಗಿರಬೇಕೆಂದರು. ಸಂಘಗಳು ಒಡೆದವು. ಕೆಲವೇ ವರ್ಷಗಳಲ್ಲಿ ಆ ಭಾಷೆಯ ಉತ್ಸಾಹ ಇಳಿದುಹೋಯಿತು. ಉದ್ದೇಶ ಪವಿತ್ರವಾಗಿತ್ತು, ಪರಿಶ್ರಮ ದೊಡ್ಡದಾಗಿತ್ತು. ಬಿಟ್ಟುಕೊಡುವ ಮನಸ್ಸು ಮಾತ್ರ ಬರಲಿಲ್ಲ.

ಡಾಕ್ಟರ್ ಜಾಮೆನ್‌ಹಾಫ್: ಬಿಟ್ಟುಕೊಟ್ಟ ಭಾಷೆ

ಬಿಟ್ಟುಕೊಟ್ಟವರು ಒಬ್ಬ ಯೆಹೂದ್ಯ ನೇತ್ರವೈದ್ಯರು. ಲುಡ್ವಿಕ್ ಜಾಮೆನ್‌ಹಾಫ್ (1859–1917) ಹುಟ್ಟಿದ ಬಿಯಾಲಿಸ್ಟಾಕ್ ಪಟ್ಟಣ ಆಗ ರಷ್ಯಾ ಸಾಮ್ರಾಜ್ಯದಲ್ಲಿತ್ತು, ಇಂದು ಪೋಲೆಂಡಿನಲ್ಲಿದೆ. ಅಲ್ಲಿ ಯೆಹೂದ್ಯರು, ಪೋಲರು, ರಷ್ಯನ್ನರು, ಜರ್ಮನರು ತಮ್ಮ ತಮ್ಮ ಭಾಷೆಯ ಗೋಡೆಗಳ ಹಿಂದೆ ಪರಸ್ಪರ ದ್ವೇಷದಿಂದ ಬದುಕುವುದನ್ನು ಬಾಲ್ಯದಲ್ಲೇ ಕಂಡು ಅವರು ನೊಂದರು. 1887ರಲ್ಲಿ ವಾರ್ಸಾದಲ್ಲಿ ‘ಆಶಾವಾದಿ’ ಎಂಬ ಅರ್ಥದ ‘ಎಸ್ಪೆರಾಂತೊ’ ಎಂಬ ಗುಪ್ತನಾಮದಿಂದ ಪುಟ್ಟ ಪುಸ್ತಕ ಪ್ರಕಟಿಸಿದರು. ಆ ಗುಪ್ತನಾಮವೇ ಭಾಷೆಯ ಹೆಸರಾಯಿತು. ವ್ಯಾಕರಣಕ್ಕೆ 16 ನಿಯಮಗಳು ಮಾತ್ರ. ‘ಪಾತ್ರೋ’ ಎಂದರೆ ತಂದೆ, ‘ಪಾತ್ರೀನೋ’ ಎಂದರೆ ತಾಯಿ. ‘ಬೋನಾ’ ಎಂದರೆ ಒಳ್ಳೆಯದು, ‘ಮಾಲ್‌ಬೋನಾ’ ಎಂದರೆ ಕೆಟ್ಟದ್ದು.

ಎಲ್ಲಕ್ಕಿಂತ ಮುಖ್ಯವಾದುದು ಆ ಮೊದಲ ಪುಸ್ತಕದಲ್ಲೇ ಅವರು ಮಾಡಿದ ತ್ಯಾಗ. ಭಾಷೆ ಎಲ್ಲರ ಸೊತ್ತು, ಇದರ ಮೇಲೆ ತಮಗೆ ಯಾವ ಹಕ್ಕೂ ಬೇಡವೆಂದು ಅವರು ಘೋಷಿಸಿದರು. ಹಿಟ್ಲರ್ ಮತ್ತು ಸ್ಟಾಲಿನ್ ಇಬ್ಬರೂ ಎಸ್ಪೆರಾಂತೊ ಆಡುವವರನ್ನು ಪೀಡಿಸಿದರು. ಜಾಮೆನ್‌ಹಾಫರ ಮೂವರು ಮಕ್ಕಳೂ ನಾಜಿಗಳ ಕ್ರೌರ್ಯಕ್ಕೆ ಬಲಿಯಾದರು. ಆದರೂ ಆ ಭಾಷೆ ಅಳಿಯಲಿಲ್ಲ. ಇಂದು ತಂದೆತಾಯಿಯರಿಂದಲೇ ಅದನ್ನು ಮನೆಮಾತಾಗಿ ಕಲಿತ ಮಕ್ಕಳೂ ಇದ್ದಾರೆ. ಎಸ್ಪೆರಾಂತೊದಲ್ಲಿ ಬಲಿಪೂಜೆ ಅರ್ಪಿಸುವುದಕ್ಕೆ ವ್ಯಾಟಿಕನ್ 1990ರಲ್ಲಿ ನಿಯಮಗಳನ್ನು ನೀಡಿತು. ಯೆಹೂದ್ಯರೊಬ್ಬರು ನೀಡಿದ ನುಡಿಯಲ್ಲಿ ಕ್ರಿಸ್ತಬಲಿ ಅರ್ಪಣೆಯಾಗುವುದು ಎಷ್ಟು ಅರ್ಥಪೂರ್ಣ!

ನಮ್ಮ ಕನ್ನಡದಲ್ಲಿ ಆದದ್ದೇನು?

ನಮ್ಮ ನಾಡಿಗೆ ಬಂದ ಧರ್ಮಪ್ರಚಾರಕರ ಮುಂದೆಯೂ ಇಂತಹದೇ ಪ್ರಶ್ನೆಯಿತ್ತು. ಕನ್ನಡದಲ್ಲಿ ಹೆಸರೇ ಇಲ್ಲದ ವಿಶ್ವಾಸದ ಸಂಗತಿಗಳನ್ನು ಹೇಗೆ ಹೇಳುವುದು? 17ನೆಯ ಶತಮಾನದ ಮಧ್ಯಭಾಗದಲ್ಲಿ ಶ್ರೀರಂಗಪಟ್ಟಣಕ್ಕೆ ಬಂದ ಇಟಲಿಯ ಯೇಸುಸಭೆಯ ಗುರು ಲಿಯೊನಾರ್ಡೊ ಚಿನ್ನಮಿ ಸನ್ಯಾಸಿಯ ಉಡುಗೆ ತೊಟ್ಟರು, ಕನ್ನಡ ಕಲಿತರು, ಧರ್ಮೋಪದೇಶವನ್ನೂ ವ್ಯಾಕರಣವನ್ನೂ ರಚಿಸಿದರು. ಮುಂದೆ ಬಾಸೆಲ್ ಮಿಷನ್ನಿನ ಫರ್ಡಿನೆಂಡ್ ಕಿಟ್ಟೆಲ್ ದಶಕಗಳ ಕಾಲ ದುಡಿದು 1894ರಲ್ಲಿ ತಮ್ಮ ಮಹಾನಿಘಂಟನ್ನು ನಮಗೆ ಕೊಟ್ಟರು. ಇವರು ಹೊಸ ಭಾಷೆಯನ್ನು ಕಟ್ಟಲಿಲ್ಲ, ಇದ್ದ ಭಾಷೆಗೆ ಶಿಷ್ಯರಾದರು.

ಹೊಸ ಪದಗಳೇನೋ ಬೇಕಾಗಿದ್ದವು. ‘ಪಾದ್ರಿ’, ‘ಇಗರ್ಜಿ’ಗಳು ಪೋರ್ಚುಗೀಸಿನಿಂದ ಬಂದವು. ‘ಪರಮಪ್ರಸಾದ’, ‘ಬಲಿಪೂಜೆ’, ‘ದೀಕ್ಷಾಸ್ನಾನ’, ‘ಧರ್ಮಸಭೆ’ ಮುಂತಾದವುಗಳನ್ನು ನಾಡಿನಲ್ಲಿದ್ದ ಪದಗಳಿಗೇ ಹೊಸ ಅರ್ಥ ತುಂಬಿ ರೂಪಿಸಲಾಯಿತು. ದ್ವಿತೀಯ ವ್ಯಾಟಿಕನ್ ಮಹಾಸಭೆ 1963ರ ಡಿಸೆಂಬರ್ 4ರಂದು ಆರಾಧನಾವಿಧಿಯ ಸಂವಿಧಾನವನ್ನು ಹೊರಡಿಸಿ ಜನಭಾಷೆಗೆ ಬಾಗಿಲು ತೆರೆದ ಮೇಲೆ ಈ ಪದಗಳು ಪೀಠದಿಂದಲೇ ಕೇಳಿಬಂದವು. ಇವನ್ನು ಮೊದಲು ಬರೆದವರ ಹೆಸರು ನಮ್ಮಲ್ಲಿ ಯಾರಿಗೆ ನೆನಪಿದೆ? ಆ ಪದಗಳು ಗೆದ್ದದ್ದೇ ಹಾಗೆ. ಅವು ಅಜ್ಜಿಯ ಜಪಸರದ ಮಾತಾದವು, ಮಕ್ಕಳ ಧರ್ಮೋಪದೇಶದ ಪಾಠವಾದವು.

ಹನಗೋಡಿನ ಸುತ್ತಮುತ್ತ

ಲಕ್ಷ್ಮಣತೀರ್ಥ ಹರಿಯುವ ನಮ್ಮ ಹನಗೋಡಿನ ಕಡೆಗೆ ಈಗ ನೋಡೋಣ. ನಾಗರಹೊಳೆ ಕಾಡಿನ ಅಂಚಿನ ಹಾಡಿಗಳಲ್ಲಿ ಜೇನುಕುರುಬರ ನುಡಿಯಿದೆ, ಬೆಟ್ಟಕುರುಬರ ನುಡಿಯಿದೆ, ಎರವರ ನುಡಿಯಿದೆ. ಹುಣಸೂರು ತಾಲ್ಲೂಕಿನ ಗುರುಪುರದಲ್ಲಿ, ಪಿರಿಯಾಪಟ್ಟಣ ತಾಲ್ಲೂಕಿನ ಬೈಲಕುಪ್ಪೆಯಲ್ಲಿ ನೆಲೆಸಿದ ಟಿಬೆಟಿನ ನಿರಾಶ್ರಿತರು ಕಳೆದುಕೊಂಡ ನಾಡನ್ನು ತಮ್ಮ ಭಾಷೆಯಲ್ಲಿ ಉಳಿಸಿಕೊಂಡಿದ್ದಾರೆ. ಹಿಲ್ಡೆಗಾರ್ಡ್ ತಾಯಿ ಮರ, ಹಕ್ಕಿ, ಕೀಟಗಳಿಗೆ ಹೆಸರು ಹುಡುಕಿ ಬರೆದಿಟ್ಟರು. ಇಲ್ಲಿ ಜೇನು ತೆಗೆಯುವ ಹಿರಿಯರ ಬಾಯಲ್ಲಿ ಕಾಡಿನ ಮರ, ಬಳ್ಳಿ, ಜೇನುಹುಳುಗಳ ಹೆಸರುಗಳು ಯಾರೂ ಬರೆಯದೆಯೇ ತಲೆಮಾರುಗಳಿಂದ ನಡೆದುಬಂದಿವೆ. ಅವರ ಮೊಮ್ಮಕ್ಕಳು ಶಾಲೆಯಲ್ಲಿ ಹಾಡಿಯ ಮಾತಾಡಲು ನಾಚಿಕೊಂಡರೆ, ಲಿಪಿಯಿಲ್ಲದ ಆ ಮಾತುಗಳಿಗೆ ಹಸ್ತಪ್ರತಿಯ ಆಸರೆಯೂ ಇರುವುದಿಲ್ಲ.

ಒಂದು ಭಾಷೆಯನ್ನು ಹೊಸದಾಗಿ ಕಟ್ಟಲು ಮಹಾ ಪ್ರತಿಭಾವಂತರೊಬ್ಬರ ಇಡೀ ಆಯುಷ್ಯ ಬೇಕಾಯಿತು. ಆದರೂ ಅದು ಉಳಿಯುವ ಭರವಸೆಯಿರಲಿಲ್ಲ. ಬೆಲೆಯಿಲ್ಲದೆ ನಮಗೆ ದೊರೆತ ಮನೆಮಾತನ್ನು ಕಳೆಯಲು ಒಂದೇ ತಲೆಮಾರಿನ ಉದಾಸೀನ ಸಾಕು. ಆದ್ದರಿಂದ, ಪ್ರಿಯ ತಂದೆತಾಯಿಯರೇ, ಮನೆಯಲ್ಲಿ ಕನ್ನಡವಿರಲಿ, ತಮಿಳು, ಕೊಂಕಣಿ, ಮಲಯಾಳ ಅಥವಾ ಹಾಡಿಯ ನುಡಿಯಿರಲಿ, ಸಂಜೆಯ ಪ್ರಾರ್ಥನೆಯನ್ನು ಆ ಮಾತಿನಲ್ಲಿ ಮಕ್ಕಳೊಡನೆ ಹೇಳಿ. ನೆರೆಯವರ ಭಾಷೆಯ ನಾಲ್ಕು ಮಾತುಗಳನ್ನಾದರೂ ಅವರಿಂದಲೇ ಕೇಳಿ ಕಲಿಯಿರಿ. ನಮ್ಮ ಭಾಷೆಯೇ ದೊಡ್ಡದೆಂಬ ಹಟ ಧರ್ಮಕೇಂದ್ರದೊಳಗೆ ಬಂದರೆ ಬಾಬೆಲಿನ ಗೋಪುರಕ್ಕೆ ಇನ್ನೊಂದು ಕಲ್ಲು ಇಟ್ಟಂತೆ. ನೆರೆಯವನ ನುಡಿಗೆ ಕಿವಿಗೊಟ್ಟಾಗ ನಮ್ಮೂರಿನಲ್ಲೂ ಪಂಚಾಶತ್ತಮ ಹಬ್ಬದ ಗಾಳಿ ಬೀಸುತ್ತದೆ.