ಕುದುರೆಮುಖ ರಾಷ್ಟ್ರೀಯ ಉದ್ಯಾನದ ಪ್ರೇಕ್ಷಣೀಯ ಸ್ಥಳಗಳು

ಕುದುರೆಮುಖ ರಾಷ್ಟ್ರೀಯ ಉದ್ಯಾನವು ಕರ್ನಾಟಕದ ಪಶ್ಚಿಮ ಘಟ್ಟಗಳಲ್ಲಿರುವ ಸಂರಕ್ಷಿತ ಅರಣ್ಯ ಪ್ರದೇಶ. ಇದು ಚಿಕ್ಕಮಗಳೂರು, ಉಡುಪಿ ಮತ್ತು ದಕ್ಷಿಣ ಕನ್ನಡ ಜಿಲ್ಲೆಗಳಲ್ಲಿ ಹರಡಿದ್ದು, ಸುಮಾರು 600 ಚದರ ಕಿಲೋಮೀಟರ್ ವಿಸ್ತೀರ್ಣ ಹೊಂದಿದೆ. 1987ರಲ್ಲಿ ಇದನ್ನು ರಾಷ್ಟ್ರೀಯ ಉದ್ಯಾನವೆಂದು ಘೋಷಿಸಲಾಯಿತು.

ಶಿಖರ ಮತ್ತು ಶೋಲಾ ಕಾಡು

ಉದ್ಯಾನಕ್ಕೆ ಹೆಸರು ಬಂದಿರುವುದು 1,894 ಮೀಟರ್ ಎತ್ತರದ ಕುದುರೆಮುಖ ಶಿಖರದಿಂದ. ಒಂದು ಪಾರ್ಶ್ವದಿಂದ ನೋಡಿದಾಗ ಈ ಶಿಖರವು ಕುದುರೆಯ ಮುಖವನ್ನು ಹೋಲುತ್ತದೆ. ಹಿಂದೆ ಇದನ್ನು ಸಂಸೆ ಪರ್ವತವೆಂದೂ ಕರೆಯುತ್ತಿದ್ದರು. ಬೆಟ್ಟಗಳ ಮೈಯೆಲ್ಲ ಹುಲ್ಲುಗಾವಲಾಗಿದ್ದು, ಕಣಿವೆಗಳ ಮಡಿಕೆಗಳಲ್ಲಿ ಮಾತ್ರ ಶೋಲಾ ಎಂಬ ದಟ್ಟ ಕಾಡು ಬೆಳೆದಿರುವುದು ಇಲ್ಲಿನ ವೈಶಿಷ್ಟ್ಯ. ಮಳೆಗಾಲದಲ್ಲಿ ಬಿದ್ದ ನೀರನ್ನು ಈ ಹುಲ್ಲು ಮತ್ತು ಕಾಡು ಹಿಡಿದಿಟ್ಟುಕೊಂಡು ನಿಧಾನವಾಗಿ ಹೊರಬಿಡುವುದರಿಂದ ತೊರೆಗಳು ಬೇಸಿಗೆಯಲ್ಲಿಯೂ ಹರಿಯುತ್ತವೆ. ಅಳಿವಿನಂಚಿನಲ್ಲಿರುವ ಸಿಂಗಳೀಕಕ್ಕೆ ಇಲ್ಲಿನ ನಿತ್ಯಹರಿದ್ವರ್ಣ ಕಾಡುಗಳು ಆಶ್ರಯವಾಗಿವೆ.

ಗಂಗಾಮೂಲ

ತುಂಗಾ, ಭದ್ರಾ ಮತ್ತು ನೇತ್ರಾವತಿ ನದಿಗಳ ಉಗಮಸ್ಥಾನವೆಂದು ಪ್ರಸಿದ್ಧವಾದ ಗಂಗಾಮೂಲವು ಇದೇ ಶ್ರೇಣಿಯಲ್ಲಿದೆ. ಈ ಸ್ಥಳವನ್ನು ವರಾಹ ಪರ್ವತವೆಂದೂ ಕರೆಯುತ್ತಾರೆ. ತುಂಗಾ ಮತ್ತು ಭದ್ರಾ ಪೂರ್ವದ ಕಡೆಗೆ ಸಾಗಿ ಶಿವಮೊಗ್ಗ ಜಿಲ್ಲೆಯ ಕೂಡಲಿಯಲ್ಲಿ ಸಂಗಮಿಸುತ್ತವೆ. ನೇತ್ರಾವತಿಯು ಪಶ್ಚಿಮಕ್ಕೆ ಹರಿದು ಮಂಗಳೂರಿನ ಬಳಿ ಅರಬ್ಬೀ ಸಮುದ್ರವನ್ನು ಸೇರುತ್ತದೆ. ಹೀಗೆ ಒಂದೇ ಬೆಟ್ಟಸಾಲಿನ ಮಳೆನೀರು ಕರಾವಳಿಯನ್ನೂ ಬಯಲುಸೀಮೆಯನ್ನೂ ಪೋಷಿಸುತ್ತದೆ.

ಜಲಪಾತಗಳು

ಕುದುರೆಮುಖದಿಂದ ಕಾರ್ಕಳದ ಕಡೆಗೆ ಸಾಗುವ ಮಾರ್ಗದಲ್ಲಿ ಹನುಮನಗುಂಡಿ ಜಲಪಾತವಿದೆ. ಸೂತನಬ್ಬಿ ಎಂಬುದು ಇದರ ಇನ್ನೊಂದು ಹೆಸರು. ಜಲಪಾತದ ಬುಡವನ್ನು ತಲುಪಲು ಮೆಟ್ಟಿಲುಗಳನ್ನು ಇಳಿಯಬೇಕು. ಕದಂಬಿ ಜಲಪಾತವು ರಸ್ತೆಯ ಪಕ್ಕದಲ್ಲಿಯೇ ಇರುವುದರಿಂದ ದಾರಿಯಿಂದಲೇ ಕಾಣಸಿಗುತ್ತದೆ.

ಲಕ್ಯಾ ಅಣೆಕಟ್ಟು ಮತ್ತು ಗಣಿಗಾರಿಕೆ

ಸುಮಾರು 100 ಮೀಟರ್ ಎತ್ತರದ ಲಕ್ಯಾ ಅಣೆಕಟ್ಟನ್ನು ನೀರಾವರಿಗಾಗಿ ಕಟ್ಟಿದ್ದಲ್ಲ. 1976ರಲ್ಲಿ ಸ್ಥಾಪನೆಯಾದ ಕುದುರೆಮುಖ ಕಬ್ಬಿಣದ ಅದಿರು ಕಂಪನಿಯು ಅದಿರನ್ನು ಶುದ್ಧೀಕರಿಸಿದ ಮೇಲೆ ಉಳಿಯುವ ಹೂಳನ್ನು ತಡೆದು ನಿಲ್ಲಿಸಲು ಇದನ್ನು ನಿರ್ಮಿಸಿತು. ಗಣಿಯ ಹೂಳು ಭದ್ರಾ ನದಿಯನ್ನು ಸೇರುತ್ತಿದೆ ಮತ್ತು ಕಾಡು ನಾಶವಾಗುತ್ತಿದೆ ಎಂದು ಪರಿಸರಾಸಕ್ತರು ದೀರ್ಘಕಾಲ ವಿರೋಧ ವ್ಯಕ್ತಪಡಿಸಿದರು. ಸರ್ವೋಚ್ಚ ನ್ಯಾಯಾಲಯದ 2002ರ ಆದೇಶದಂತೆ 2005ರ ಅಂತ್ಯಕ್ಕೆ ಗಣಿಗಾರಿಕೆ ನಿಂತಿತು. ಗಣಿ ಮುಚ್ಚಿದ್ದರಿಂದ ಕಾಡಿಗೆ ರಕ್ಷಣೆ ದೊರೆತರೂ, ಅದನ್ನೇ ನಂಬಿ ಬೆಳೆದಿದ್ದ ಕುದುರೆಮುಖ ಪಟ್ಟಣದಿಂದ ಬಹಳಷ್ಟು ಕುಟುಂಬಗಳು ಬೇರೆಡೆಗೆ ತೆರಳಬೇಕಾಯಿತು. ಅಣೆಕಟ್ಟಿನ ಹಿಂದೆ ತುಂಬಿರುವ ಹೂಳು ಇಂದಿಗೂ ಅಲ್ಲಿಯೇ ಇದೆ.

ಪ್ರವಾಸ

ಮೈಸೂರಿನ ಕಡೆಯಿಂದ ಬರುವವರು ಹಾಸನ, ಬೇಲೂರು, ಮೂಡಿಗೆರೆ, ಕೊಟ್ಟಿಗೆಹಾರ ಮತ್ತು ಕಳಸದ ಮಾರ್ಗವಾಗಿ ಇಲ್ಲಿಗೆ ತಲುಪಬಹುದು. ಕಳಸದ ಕಳಸೇಶ್ವರ, ಹೊರನಾಡಿನ ಅನ್ನಪೂರ್ಣೇಶ್ವರಿ ಹಾಗೂ ಶೃಂಗೇರಿಯ ಶಾರದಾ ದೇವಾಲಯಗಳು ಸಮೀಪದ ಯಾತ್ರಾಸ್ಥಳಗಳು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಭಾರೀ ಮಳೆಯಾಗುವುದರಿಂದ ಅಕ್ಟೋಬರ್‌ನಿಂದ ಫೆಬ್ರುವರಿವರೆಗಿನ ಅವಧಿಯು ಭೇಟಿಗೆ ಹೆಚ್ಚು ಅನುಕೂಲಕರ. ಶಿಖರದ ಚಾರಣಕ್ಕೆ ಅರಣ್ಯ ಇಲಾಖೆಯ ಅನುಮತಿ ಕಡ್ಡಾಯವಾಗಿದ್ದು, ಶಿಖರದಲ್ಲಿ ರಾತ್ರಿ ತಂಗುವುದಕ್ಕೆ ಅವಕಾಶವಿಲ್ಲ.