ಫಲಾಸವವೂ ಗೃಹಸ್ಥನ ಅಧಿಕಾರವೂ

ಬಿಡದಿಯ ಕೈಗಾರಿಕಾ ಪ್ರದೇಶದ ಕಾರ್ಖಾನೆಯೊಂದರಲ್ಲಿ ಉದ್ಯೋಗದಲ್ಲಿರುವ ನನ್ನ ಹಳೆಯ ಶಿಷ್ಯನೊಬ್ಬನು ಕಳೆದ ಆಷಾಢದಲ್ಲಿ ನಮ್ಮ ಮನೆಗೆ ಬಂದಿದ್ದನು. ಅಂಗಡಿಯಲ್ಲಿ ಕೊಂಡ ಮದ್ಯದಲ್ಲಿ ನೇರಳೆಹಣ್ಣನ್ನೂ ಸಕ್ಕರೆಯನ್ನೂ ನೆನೆಯಿಟ್ಟು, ಗಾಜಿನ ಜಾಡಿಯ ಬಾಯಿ ಬಿಗಿದು ಅಟ್ಟದಲ್ಲಿ ಇರಿಸಿದ್ದನಂತೆ. ಅದನ್ನು ಕಂಡ ಅವನ ಅಜ್ಜಿಯು ಎರಡು ದಿನ ಅನ್ನವನ್ನು ಮುಟ್ಟಲಿಲ್ಲವಂತೆ. "ಮೇಷ್ಟ್ರೇ, ಇದು ಈ ಕಾಲದ ಕೆಟ್ಟ ಶೋಕಿಯೆಂದು ಅಜ್ಜಿ ಬೈಯುತ್ತಾರೆ. ನಮ್ಮ ಹಿಂದಿನವರಲ್ಲಿ ಇದು ಇರಲೇ ಇಲ್ಲವೆ?" ಎಂದು ಕೇಳಿದನು. ಪ್ರಶ್ನೆಯು ಸಣ್ಣದು, ಉತ್ತರವು ಅಷ್ಟು ಸಣ್ಣದಲ್ಲವೆಂದು ತೋರಿದ್ದರಿಂದ ಈ ಲೇಖನವನ್ನು ಬರೆಯಬೇಕಾಯಿತು.

ಸುರೆಯನ್ನು ಮಹಾಪಾತಕಗಳ ಸಾಲಿಗೆ ಸೇರಿಸಿದ ಮನುವೇ ಬೆಲ್ಲದ್ದು, ಹಿಟ್ಟಿನದು, ಮಧುವಿನದು ಎಂದು ಅದನ್ನು ಮೂರು ಬಗೆಯಾಗಿ ವಿಂಗಡಿಸಿ ಹೇಳಿರುವನು. ಇಲ್ಲದ ವಸ್ತುವನ್ನು ಯಾರೂ ವಿಂಗಡಿಸುವುದಿಲ್ಲ. ಧರ್ಮಶಾಸ್ತ್ರವು ನಿಷೇಧಿಸಿದುದನ್ನು ಅರ್ಥಶಾಸ್ತ್ರವು ಅಳೆದು ತೂಗಿತು. ಕೌಟಿಲ್ಯನ ಆ ಗ್ರಂಥವು ಮತ್ತೆ ಬೆಳಕಿಗೆ ಬಂದುದು ನಮ್ಮ ಮೈಸೂರಿನಲ್ಲಿಯೇ ಎಂಬುದು ನಮಗೆ ಹೆಮ್ಮೆಯ ವಿಷಯ. 1905ರಲ್ಲಿ ಪ್ರಾಚ್ಯ ಗ್ರಂಥಾಲಯದ ಓಲೆಗರಿಗಳ ನಡುವೆ ಆರ್. ಶಾಮಾಶಾಸ್ತ್ರಿಗಳು ಅದನ್ನು ಗುರುತಿಸಿ, 1909ರಲ್ಲಿ ಮುದ್ರಿಸಿ, 1915ರಲ್ಲಿ ಇಂಗ್ಲಿಷಿಗೆ ಪರಿವರ್ತಿಸಿದರು. ಅದರ ಎರಡನೆಯ ಅಧಿಕರಣದಲ್ಲಿ ಸುರಾಧ್ಯಕ್ಷನೆಂಬ ಅಧಿಕಾರಿಯ ಕರ್ತವ್ಯಗಳನ್ನು ಹೇಳುವ ಪ್ರಕರಣವೊಂದಿದೆ. ನನ್ನ ಶಿಷ್ಯನ ಪ್ರಶ್ನೆಗೆ ಉತ್ತರವು ಅಲ್ಲಿ ದೊರೆಯುವುದು.

ಆಸವದ ಪಾಕವನ್ನು ಕೌಟಿಲ್ಯನು ಲೆಕ್ಕ ಹಾಕಿಯೇ ಕೊಟ್ಟಿರುವನು. ಬೇಲದ ಹಣ್ಣು ಒಂದು ತುಲಾ, ಎಂದರೆ 100 ಪಲ. ಗಟ್ಟಿಯಾಗಿ ಕಾಯಿಸಿದ ಕಬ್ಬಿನ ರಸ 5 ತುಲಾ. ಜೇನು ಒಂದು ಪ್ರಸ್ಥ. ದ್ರಾಕ್ಷಿಯ ರಸದಿಂದಾದುದನ್ನು ಮಧುವೆಂದೂ, ಮಾವಿನ ರಸ ಕೂಡಿದುದನ್ನು ಸಹಕಾರಸುರೆಯೆಂದೂ ಕರೆದಿರುವನು. ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿಗಳ ಮಾವಿನ ತೋಪುಗಳನ್ನು ಬಲ್ಲವರಿಗೆ ಈ ಹೆಸರು ದೂರದ್ದೆನಿಸದು. ಹುದುಗು ಬರಿಸುವ ಕಿಣ್ವಕ್ಕೆ ಉದ್ದನ್ನೂ ಅಕ್ಕಿಯನ್ನೂ ಹೇಳಿ, ಅದಕ್ಕೆ ಕೆಲವು ಮೂಲಿಕೆಗಳನ್ನು ಸೇರಿಸಬೇಕೆಂದಿರುವನು. ಬಿಡದಿಯ ತಟ್ಟೆ ಇಡ್ಲಿಗೆ ರುಬ್ಬುವ ಧಾನ್ಯಗಳೂ ಇವೇ ಅಲ್ಲವೆ! ಕಿಣ್ವದ ಸಾಮಗ್ರಿಯನ್ನು ಹೆಂಗಸರೂ ಮಕ್ಕಳೂ ಆಯ್ದು ತರಬೇಕೆಂದು ಹೇಳಿರುವುದರಿಂದ, ಈ ವಿದ್ಯೆಯು ಮನೆಮಂದಿಯ ಕೈಗೆ ಎಷ್ಟು ಸಮೀಪದ್ದಾಗಿತ್ತೆಂಬುದನ್ನು ಊಹಿಸಬಹುದು.

ಆದರೆ ಈ ವಿದ್ಯೆಗೆ ಅಂಕುಶವಿಲ್ಲದೆ ಇರಲಿಲ್ಲ. ಗೊತ್ತಾದ ಸ್ಥಳದ ಹೊರಗೆ ಮದ್ಯವನ್ನು ತಯಾರಿಸಿದವನಿಗೂ ಕೊಂಡವನಿಗೂ ಮಾರಿದವನಿಗೂ 600 ಪಣಗಳ ದಂಡವು ವಿಧಿಸಲ್ಪಟ್ಟಿದೆ. ಅರಸನ ಸರಕಲ್ಲದ ಅರಿಷ್ಟ, ಮಧು, ಫಲಾಮ್ಲ ಮೊದಲಾದವನ್ನು ಮಾರುವವರು ನೂರಕ್ಕೆ 5ರಂತೆ ಶುಲ್ಕ ತೆರಬೇಕು. ಇಷ್ಟು ಬಿಗಿಯ ನಡುವೆಯೂ ಗೃಹಸ್ಥನಿಗೆ ಒಂದು ಕಿಟಕಿಯನ್ನು ತೆರೆದಿಟ್ಟಿರುವುದೇ ಗಮನಿಸತಕ್ಕ ಅಂಶ. ಕುಟುಂಬಿಗಳು ಶುಭಕಾರ್ಯಗಳಲ್ಲಿ ಶ್ವೇತಸುರೆಯನ್ನೂ, ಔಷಧಕ್ಕಾಗಿ ಅರಿಷ್ಟವನ್ನೂ ತಾವೇ ಮಾಡಿಕೊಳ್ಳಬಹುದು; ಉತ್ಸವ, ಜಾತ್ರೆಗಳಲ್ಲಿ ನಾಲ್ಕು ದಿನಗಳ ಅನುಮತಿಯುಂಟು. ಪೇಟೆಯ ಬಾಗಿಲನ್ನು ಅರಸನು ಕಾದನು. ಮನೆಯ ಒಲೆಯನ್ನು ಮಿತಿಯೊಳಗೆ ಮನೆಯವರಿಗೇ ಬಿಟ್ಟನು.

ಆ ಕಿಟಕಿಯಿಂದ ಉಳಿದು ಬಂದ ಬೆಳಕನ್ನು ವೈದ್ಯಶಾಸ್ತ್ರದಲ್ಲಿ ಇಂದಿಗೂ ಕಾಣಬಹುದು. ಕಷಾಯ ಕಾಯಿಸಿ ಹುದುಗಿಸಿದುದು ಅರಿಷ್ಟ, ಕಾಯಿಸದೆ ಹುದುಗಿಸಿದುದು ಆಸವ ಎಂಬುದು ಶಾರ್ಙ್ಗಧರನ ವಿಭಾಗ. ದ್ರಾಕ್ಷಾರಿಷ್ಟದಲ್ಲಿ ದ್ರಾಕ್ಷಿಯೂ ಬೆಲ್ಲವೂ ಧಾತಕೀಪುಷ್ಪವೂ ಕೂಡಿ ಮದ್ಯಾಂಶವು ತಾನಾಗಿ ಹುಟ್ಟುವುದು. ಅದು ಒಂದು ಮಟ್ಟಕ್ಕೆ ಏರಿದೊಡನೆ ಹುದುಗೇ ಸೋತು ನಿಲ್ಲುವುದು. ಹೀಗೆ ಮಿತಿಯು ಪ್ರಕೃತಿಯಲ್ಲಿಯೇ ಅಡಗಿದೆ. ಭಟ್ಟಿ ಇಳಿಸುವ ಕ್ರಮವು ಈ ಮಿತಿಯನ್ನು ಮೀರಿ ಕಡುಮದ್ಯವನ್ನು ಕೊಡುವುದು. ನನ್ನ ಶಿಷ್ಯನ ಜಾಡಿಯಲ್ಲಿ ನಡೆಯುತ್ತಿದ್ದುದು ಹುದುಗೂ ಅಲ್ಲ, ಭಟ್ಟಿಯೂ ಅಲ್ಲ. ಸಿದ್ಧವಾದ ಕಡುಮದ್ಯವು ಹಣ್ಣಿನ ಬಣ್ಣವನ್ನೂ ಪರಿಮಳವನ್ನೂ ಹೀರಿ, ಹಣ್ಣಿನ ನೀರಿನಿಂದ ತಾನು ತುಸು ತೆಳುವಾಗುವುದಷ್ಟೆ.

ಹಾಗಾದರೆ ಅಜ್ಜಿಯ ಕೋಪವು ಅಕಾರಣವೆ? ಅಲ್ಲ. 1981ರ ಜುಲೈ ತಿಂಗಳಲ್ಲಿ ಬೆಂಗಳೂರಿನಲ್ಲಿ ವಿಷಮದ್ಯವನ್ನು ಕುಡಿದು ಮುನ್ನೂರು ಮಂದಿ ಮಡಿದರು. ಅದರಲ್ಲಿ ಸೇರಿದ್ದುದು ಮೀಥೈಲ್ ಆಲ್ಕೊಹಾಲ್. ಕಣ್ಣಿಗೂ ಮೂಗಿಗೂ ಅದು ಸಾಮಾನ್ಯ ಮದ್ಯದಂತೆಯೇ ತೋರುವುದು. ದೇಹದೊಳಗೆ ಆಮ್ಲವಾಗಿ ಮಾರ್ಪಟ್ಟು ಮೊದಲು ದೃಷ್ಟಿಯನ್ನೂ ಬಳಿಕ ಪ್ರಾಣವನ್ನೂ ಕೊಳ್ಳುವುದು. ಕೂಲಿಗಾಗಿ ಬೆಂಗಳೂರಿಗೆ ಹೋಗಿದ್ದ ಆಕೆಯ ಯಜಮಾನರು ಆ ವಾರ ಮರಳಲಿಲ್ಲ. ಈ ಸಂಗತಿಯನ್ನು ಮೊಮ್ಮಗನು ನನ್ನಿಂದಲೇ ಮೊದಲ ಸಲ ಕೇಳಿದನು. ಮನೆಯಲ್ಲಿ ಅದನ್ನು ಯಾರೂ ಆಡಿರಲಿಲ್ಲ.

ಇಂದಿನ ಕಾನೂನು ಕೌಟಿಲ್ಯನಿಗಿಂತ ಬಿಗಿಯಾದುದು. 1965ರ ಕರ್ನಾಟಕ ಅಬಕಾರಿ ಅಧಿನಿಯಮದಂತೆ ಅನುಜ್ಞೆಯಿಲ್ಲದೆ ಮದ್ಯವನ್ನು ತಯಾರಿಸಕೂಡದು. ಮದ್ಯಕ್ಕೆ ರುಚಿಯೂಡುವುದೂ ಬೆರೆಸುವುದೂ ಬಣ್ಣಗೂಡಿಸುವುದೂ ಅಲ್ಲಿ ತಯಾರಿಕೆಯೆಂಬ ಪದದಲ್ಲಿಯೇ ಅಡಗಿವೆ. 2007ರಲ್ಲಿ ಸಾರಾಯಿಯ ಮಾರಾಟವೇ ರಾಜ್ಯದಲ್ಲಿ ನಿಂತುಹೋಯಿತು. ಕೌಟಿಲ್ಯನು ಕುಟುಂಬಿಗೆ ಬಿಟ್ಟಿದ್ದ ಕಿಟಕಿಯು ಹೀಗೆ ಬಹುಮಟ್ಟಿಗೆ ಮುಚ್ಚಿತು. ಬೊಕ್ಕಸದ ಆಸೆಯೊಂದೇ ಇದಕ್ಕೆ ಕಾರಣವೆನ್ನುವವರು 1981ನ್ನು ಮರೆತವರು. ವಿಷದ ಭಯವೊಂದೇ ಕಾರಣವೆನ್ನುವವರು ಬೊಕ್ಕಸವನ್ನು ಅರಿಯದವರು.

ಇಷ್ಟನ್ನೆಲ್ಲ ಕೇಳಿದ ಶಿಷ್ಯನು, "ಹಾಗಾದರೆ ಜಾಡಿಯನ್ನು ಏನು ಮಾಡಲಿ, ಮೇಷ್ಟ್ರೇ?" ಎಂದನು. ಶಾಸ್ತ್ರದಲ್ಲಿ ನಿನಗೆ ಪೂರ್ವಿಕರುಂಟು, ಕಾನೂನಿನಲ್ಲಿ ಆಧಾರವಿಲ್ಲ. ಆದರೆ ಮೊದಲು ಕೇಳಬೇಕಾದುದು ಇವೆರಡನ್ನೂ ಅಲ್ಲ, ಅಜ್ಜಿಯನ್ನು, ಎಂದೆನು. ಮುಂದಿನ ವಾರ ಅವನು ನೇರಳೆಯ ಪಾನಕವನ್ನು ಸೀಸೆಯಲ್ಲಿ ತುಂಬಿ ತಂದನು. ಅಜ್ಜಿಯೇ ಹಣ್ಣನ್ನು ಕಿವುಚಿ, ಬೆಲ್ಲವನ್ನೂ ಏಲಕ್ಕಿಯನ್ನೂ ಹಾಕಿ ಮಾಡಿದ್ದರಂತೆ. ಅಂದು ರಾತ್ರಿ ತಾತನ ಹೆಸರನ್ನು ಅವರು ತಾವಾಗಿಯೇ ಎತ್ತಿದರೆಂದೂ ಹೇಳಿದನು.