ಠಾಣೆಯ ಶಿಲಾಹಾರರು: ಪಟ್ಟ ಯಾರಿಗೆ?

ಕರ್ಜತ್ ಲೋಕಲ್‌ನಲ್ಲಿ ಕಲ್ಯಾಣ ದಾಟಿದರೆ ಅಂಬರನಾಥ ಸಿಗುತ್ತದಲ್ಲವೇ? ಅಲ್ಲಿನ ಶಿವಾಲಯದಲ್ಲಿ ಕ್ರಿ.ಶ. 1060ರ ಶಾಸನವಿದೆ. ಅದು ಠಾಣೆಯಿಂದ ಆಳಿದ ಶಿಲಾಹಾರ ದೊರೆ ಮುಮ್ಮುಣಿಯ ಕಾಲದ್ದು.

ಈ ಮನೆತನದವರು ಮೊದಲು ನಮ್ಮ ಮಳಖೇಡದ ರಾಷ್ಟ್ರಕೂಟರ ಸಾಮಂತರು. 973ರಲ್ಲಿ ರಾಷ್ಟ್ರಕೂಟರ ಆಳ್ವಿಕೆ ಮುಗಿಯಿತು. ಆದರೂ 997ರಲ್ಲಿ ಅಪರಾಜಿತನು ಭಿವಂಡಿ ಬಳಿಯ ಭಾದಾಣೆಯ ತಾಮ್ರಪಟದಲ್ಲಿ ಅಳಿದುಹೋದ ಆ ಒಡೆಯರ ವಂಶಾವಳಿ ಬರೆಸಿ, ಅವರ ಪತನಕ್ಕೆ ಮರುಗಿದ.

ಒಡೆಯರ ಮೇಲೆ ಇಷ್ಟು ನಿಷ್ಠೆಯಿದ್ದ ಮನೆಯಲ್ಲೇ ಪಟ್ಟದ ಪ್ರಶ್ನೆ ಸುಲಭವಾಗಿರಲಿಲ್ಲ. ಅಪರಾಜಿತನ ಮಗ ವಜ್ಜಡನ ನಂತರ ಪಟ್ಟ ವಜ್ಜಡನ ಮಕ್ಕಳಿಗೆ ಬರಲಿಲ್ಲ, ತಮ್ಮ ಅರಿಕೇಸರಿಗೆ ಹೋಯಿತು. ಆಮೇಲೆ ಮತ್ತೆ ಅಣ್ಣನ ಮಕ್ಕಳಾದ ಛಿತ್ತರಾಜ, ನಾಗಾರ್ಜುನ, ಮುಮ್ಮುಣಿ ಒಬ್ಬರಾದ ಮೇಲೊಬ್ಬರು ಆಳಿದರು. ಮುಂದೆ ಗೆದ್ದವನು ನಾಗಾರ್ಜುನನ ಮಗ ಅನಂತದೇವ. ದಾಯಾದಿಗಳ ವೈರದಿಂದ ಕೊಂಕಣ ಹಾಳಾಗಿತ್ತು, ತಾನು ಉಳಿಸಿದೆ ಎಂದು 1095ರ ಖಾರೇಪಾಟಣ ತಾಮ್ರಪಟದಲ್ಲಿ ಅವನು ಹೇಳಿಸಿದ್ದಾನೆ.

ರಜೆಯ ದಿನ ಮಕ್ಕಳನ್ನು ಅಂಬರನಾಥಕ್ಕೆ ಕರೆದುಕೊಂಡು ಹೋಗಿ. ಗುಡಿಯ ಮುಂದೆ ನಿಂತು, ಅದರ ಹಿಂದಿನ ಈ ಅಣ್ಣತಮ್ಮಂದಿರ ಕಥೆಯನ್ನು ಕನ್ನಡದಲ್ಲೇ ಹೇಳಿ.